ಹಿಂದ ಬರೋರ ದಿನ್ನಿ

ಗಡಿಗಿಹಾಳ ದಾಟಿ ಸಿಂಗನಕೋಟಿಗೆ ಹೋಗುವ ಹಳೇ ಹಾದಿಯಲ್ಲಿ ಒಂದು ದಿನ್ನಿ ಬರುತ್ತದೆ. ಕೆಂಪು ಕಲ್ಲು, ಕಾರಿಗಿಡ, ಕಳ್ಳಿ. ನೆರಳಿಲ್ಲ. ಹತ್ತಿದಷ್ಟೂ ಏರು. ಏರಿನ ನಡುವೆ ಎಡಕ್ಕೆ ಒಂದು ನೆಟ್ಟನೆ ಬಂಡೆ ಇದೆ. ಅದರ ಮಗ್ಗುಲಲ್ಲಿ ಎರಡೆರಡು ಕಂಬ ನಿಲ್ಲಿಸಿ ಮೇಲೆ ಹಾಸುಗಲ್ಲು ಇಟ್ಟಿದ್ದಾರೆ. ಅಂಥವು ಎರಡು. ಒಂದು ಎತ್ತರ, ಒಂದು ಗಿಡ್ಡ. ಈಗ ಐದಾರು ವರ್ಷದಿಂದ ಚಳಿಗಾಲ ಬಂತೆಂದರೆ ಈ ಹಾದಿಗೆ ಸೈಕಲ್ಲಿನವರು ಬರುತ್ತಾರೆ. ದೂರದ ಊರಿನವರು. ಗಡಿಗಿಹಾಳದ ಬಸದಿ, ಕೆರೆ, ಮೆಟ್ಟಿಲ ಬಾವಿ, ಆಮೇಲೆ ಈ ದಿನ್ನಿ, ಆಮೇಲೆ ಸಿಂಗನಕೋಟಿಯ ಕೋಟೆ. ಎಲ್ಲ ಒಂದು ಮುಂಜಾನೆಯಲ್ಲಿ ನೋಡಿ ಮುಗಿಸುತ್ತಾರೆ. ದಾರಿ ತಿಳಿಯಲೆಂದು ಅಲ್ಲಲ್ಲಿ ಹಲಗೆ ನೆಟ್ಟಿದ್ದಾರೆ. ಇಲ್ಲಿಯ ಹಲಗೆಯ ಮೇಲೆ ‘ಕಲ್ಲಿನ ಬಾಗಿಲು’ ಎಂದು ಬರೆದಿದ್ದಾರೆ. ಅದು ಬಾಗಿಲಲ್ಲ. ಬಾಗಿಲೆಂದರೆ ಮನೆ ಇರಬೇಕು. ಹೋಗಲಿ, ಗೋಡೆಯಾದರೂ ಇರಬೇಕು. ಮೂರು ಸಲ ಹೇಳಿದೆ. ಹೂಂ ಹೂಂ ಎಂದರು, ಪೆಡಲು ತುಳಿದರು, ಹೋದರು. ಹಲಗೆ ಹಾಗೇ ಇದೆ.

ಈ ಸಲ ಅವರಲ್ಲಿಯ ಹಿರಿಯರೊಬ್ಬರು ಸೈಕಲ್ ಇಳಿದು ಬಂದರು. “ಅಜ್ಜಾರ, ನಮ್ಮ ದಾರಿ ಪುಸ್ತಕಕ್ಕ ಈ ಜಾಗದ ಹೆಸರು ಹೆಂಗ ಬಂತು ಬರದು ಕೊಡ್ರಿ. ನಾಕು ಸಾಲು ಸಾಕು,” ಎಂದರು. ನಾಲ್ಕು ಸಾಲಿನಲ್ಲಿ ಆಗುವುದಿಲ್ಲ. ನಾನು ಕಲಿತದ್ದು ನಾಲ್ಕನೇ ಇಯತ್ತೆ. ಬರೆಯಲು ಹೊತ್ತು ಹಿಡಿಯುತ್ತದೆ. ಹಿಡಿಯಲಿ. ಕತೆ ನನ್ನದಲ್ಲ, ನನ್ನ ಹೆಂಡತಿ ಸಂಕವ್ವನದು. ಅವಳು ಗಡಿಗಿಹಾಳದ ಕುಂಬಾರ ಓಣಿಯ ಮಗಳು, ಅವಳಿಗೆ ಅವಳ ಅಜ್ಜಿ ಹೇಳಿದ್ದು. ಇದ್ದಿದ್ದರೆ ಅವಳನ್ನೇ ಕೇಳಿರಿ ಎನ್ನುತ್ತಿದ್ದೆ. ಹೋದ ಮಾಘದಲ್ಲಿ ತೀರಿಕೊಂಡಳು. ಅವಳು ಹೇಳುವಾಗ ನಾನು ಅರ್ಧ ಕಿವಿ ಕೊಟ್ಟು ಕೇಳಿದವನು. ತಪ್ಪಿದ್ದರೆ ತಪ್ಪು ನನ್ನದು.

ಹಿಂದೆ ಒಮ್ಮೆ ಸಿಂಗನಕೋಟಿಯಲ್ಲಿ ದೇಸಾಯರಿದ್ದರು. ಕೋಟೆಗೆ ಆಗ ಬಾಗಿಲಿತ್ತು, ಬಾಗಿಲಿಗೆ ಕಾವಲಿತ್ತು. ದೇಸಾಯರ ಮಗಳಿಗೆ ಮದುವೆ ಕೂಡಿಬಂತು. ನಮ್ಮ ಕಡೆ ಮದುವೆಗೆ ಐರಾಣಿ ಬೇಕು. ಐರಾಣಿ ಎಂದರೆ ಸುಣ್ಣ, ಕೆಮ್ಮಣ್ಣು ಬಳಿದು ಚಿತ್ತಾರ ತೆಗೆದ ಗಡಿಗೆಗಳು. ಒಂದರ ಮೇಲೊಂದು ಐದು. ಕುಂಬಾರರ ಮನೆಯಿಂದ ಬರಬೇಕು, ಹೆಣ್ಣುಮಗಳ ತಲೆಯ ಮೇಲೆ ಬರಬೇಕು. ಮನೆ ಬಿಟ್ಟ ಮೇಲೆ ಚಪ್ಪರದ ಕೆಳಗೆ ಜೋಳದ ರಾಶಿಯ ಮೇಲೆ ಇಳಿಸುವ ತನಕ ನೆಲ ಮುಟ್ಟಬಾರದು. ಮುಟ್ಟಿದರೆ ಅವು ಬರೀ ಗಡಿಗೆ. ಮದುವೆ ನಿಂತಂತೆ, ಕುಂಬಾರನ ಮನೆಗೆ ಕೆಟ್ಟ ಹೆಸರು ಬಂದಂತೆ. ಆ ಐರಾಣಿ ಮಾಡಿದವನು ಗಡಿಗಿಹಾಳದ ಚೌಡಪ್ಪ. ಹೊತ್ತು ಹೊರಟವಳು ಅವನ ಹೆಂಡತಿ ಮಾಳಕ್ಕ. ವೈಶಾಖದ ಬಿಸಿಲು. ಅವಳಿಗೆ ಮೂರು ದಿನದಿಂದ ಜ್ವರ. “ಇವತ್ತ ಬ್ಯಾರೆ ಯಾರನ್ನರ ಕಳಸೋಣೇನು?” ಎಂದು ಕೇಳಿದಳಂತೆ. ಚೌಡಪ್ಪ ಕತ್ತೆಯ ಮೇಲೆ ಅಡುಗೆಯ ಗಡಿಗೆ ಹೇರುತ್ತಿದ್ದ. ತಿರುಗಿ ನೋಡಲಿಲ್ಲ. “ದೇಸಾಯರ ಮನಿ ಐರಾಣಿ ಐತಿ. ಹೋಗಿ ಬಂದ ಮ್ಯಾಲ ಮಲಕೊ,” ಎಂದ. ಐರಾಣಿ ಎಲ್ಲಕ್ಕಿಂತ ಮುಂದೆ ಹೋಗಬೇಕು ಎಂಬುದು ಪದ್ಧತಿ. ಅವಳು ಮುಂದೆ ಹೊರಟಳು.

ದಿನ್ನಿಯ ನಡುವೆ ಬರುವಾಗ ಅವಳ ಕಾಲು ನಡುಗಿದವು. ತಲೆಯ ಮೇಲೆ ಐದು ಗಡಿಗೆ. ಒಂದು ಕೈ ತೆಗೆದರೆ ಸಾಲು ವಾಲುತ್ತದೆ. ಒಬ್ಬಳೇ ಇಳಿಸಲು ಬರುವುದಿಲ್ಲ. ಇಳಿಸಿದರೆ ನೆಲ ಮುಟ್ಟುತ್ತದೆ. ತಲೆಯೆತ್ತರದ ಕಟ್ಟೆ ಅಲ್ಲಿ ಒಂದೂ ಇಲ್ಲ. ಆ ನೆಟ್ಟನೆ ಬಂಡೆ ಒಂದೇ. ಅದಕ್ಕೆ ಬೆನ್ನು ಕೊಟ್ಟು ನಿಂತಳು. ಯಾರಾದರೂ ಬಂದು ಒಂದು ಗಳಿಗೆ ಹಿಡಿದರೆ ಸಾಕಾಗಿತ್ತು. ಕೂತು, ಒಂದು ಗುಟುಕು ನೀರು ಕುಡಿದು, ಮತ್ತೆ ಹೊತ್ತು ನಡೆಯುತ್ತಿದ್ದಳು. ಹಾದಿಯಲ್ಲಿ ಜನರಿಗೇನೂ ಬರವಿರಲಿಲ್ಲ. ಅದೇ ಮದುವೆಗೆ ಹೊರಟ ಬೀಗರು, ಬಳಗ.

ಮೊದಲು ಒಂದು ಸವಾರಿ ಗಾಡಿ ಬಂತು. ಮಾಳಕ್ಕ, “ಅಣ್ಣಾರ, ಒಂದೀಟು ಹಿಡೀರಿ,” ಎಂದಳು. ಗಾಡಿ ಹೊಡೆಯುವವನು, “ಏರಿನ್ಯಾಗ ಎತ್ತು ನಿಂತ್ರ ಮತ್ತ ಎಳ್ಯಾಂಗಿಲ್ಲ, ತಂಗಿ. ಗಾಡ್ಯಾಗ ನೋಡಿಲ್ಲಿ, ಅತ್ತಿ ತೊಡಿ ಮ್ಯಾಲ ಸೊಸಿ ಕುಂತಾಳ. ಹಿಂದ ಬರೋರು ಹಿಡೀತಾರ,” ಎಂದ. ಗಾಡಿಯೊಳಗಿನ ಹೆಂಗಸರು ನಕ್ಕರು. ಆಮೇಲೆ ಕುದುರೆಯ ಮೇಲೆ ಮದುಮಗನ ಸೋದರಮಾವ ಬಂದ. ಬಾಯಲ್ಲಿ ಎಲೆ ಅಡಿಕೆ. “ಏ ಕುಂಬಾರತಿ, ಐರಾಣಿ ನನ್ನ ತಲಿ ಮ್ಯಾಲ ಇಟ್ಟಿ ಅಂದ್ರ ಜನ ನನ್ನ ಮದುಮಗ ಅಂತಾರ. ಮನ್ಯಾಗ ಒಬ್ಬಾಕಿನ್ನ ಸಂಭಾಳಸೂದ ಸಾಕಾಗೇತಿ,” ಎಂದು ತನ್ನ ಮಾತಿಗೆ ತಾನೇ ನಕ್ಕ. “ಹಿಂದ ಬರಾಕತ್ತಾರ ನಿಂದರು,” ಎಂದು ಹೋದ. ಮೂರನೆಯದಾಗಿ ಊದುವವರು, ಬಾರಿಸುವವರು ಬಂದರು. “ಯವ್ವಾ, ಕೈ ತುಂಬ ಸಾಮಾನು ಅದಾವ. ನಮಗೇ ತಡ ಆಗೇತಿ, ದೇಸಾಯರು ಚರ್ಮ ಸುಲೀತಾರ. ಹಿಂದ ಬರೋರಿಗೆ ಹೇಳು,” ಎಂದರು. ಯಾರೂ ಕೆಟ್ಟವರಲ್ಲ. ಸಂಕವ್ವ ಈ ಮಾತನ್ನು ಒತ್ತಿ ಹೇಳುತ್ತಿದ್ದಳು. ಹಿಂದೆ ಒಬ್ಬರಿದ್ದಾರೆ ಎಂದು ಎಲ್ಲರೂ ನಂಬಿದ್ದರು, ಅಷ್ಟೇ.

ಕಡೆಗೆ ಕತ್ತೆ ಹೊಡೆದುಕೊಂಡು ಚೌಡಪ್ಪನೇ ಬಂದ. ಮಾಳಕ್ಕ, “ಹಿಡಕೊಳ್ರಿ, ಇನ್ನ ಆಗವಲ್ದು,” ಎಂದಳು. ಅವನು ಕತ್ತೆಯ ಕಡೆ ನೋಡಿದ, ಬಿಸಿಲಿನ ಕಡೆ ನೋಡಿದ. “ಈ ಕತ್ತಿ ಬಿಟ್ನೆಂದ್ರ ಹೊಳ್ಳಿ ಊರಿಗೆ ಓಡತೈತಿ. ಅಡಿಗಿ ಗಡಿಗಿ ಒಳಗ ಮುಟ್ಟಿಸೇ ಬಿಡ್ತೀನಿ. ಹಿಂದ ಯಾರರ ಬರ್ತಾರ, ಅಲ್ಲೀತನಕ ನಿಂದರು,” ಎಂದ. ನಿಂತೇ ಇದ್ದಳು. ನೆಟ್ಟಗೆ ನಿಂತವಳಿಗೆ ಏನಾಗಿರುತ್ತದೆ ಎಂದು ಅವನು ತಿಳಿದನೋ ಏನೋ. ಹೆಂಗಸರು ಆಗುವುದಿಲ್ಲ ಎಂದು ಹೇಳುವುದೇ ಕಡಿಮೆ. ಹೇಳಿದಾಗಲೂ ಗಂಡಸಿಗೆ ಕೇಳುವುದಿಲ್ಲ.

ಸಿಂಗನಕೋಟಿಯಲ್ಲಿ ಚಪ್ಪರ ತುಂಬಿತ್ತು. ಜೋಳದ ರಾಶಿ ಹಾಕಿ ಆಗಿತ್ತು. ಮದುವೆ ಮಾಡಿಸುವ ಅಯ್ಯನವರು ಬಂದು, “ಐರಾಣಿ ತರ್ರಿ,” ಎಂದರು. ಐರಾಣಿ ಇಲ್ಲ. ದೇಸಾಯರು ಕೇಳಿದರು. ಗಾಡಿಯವನು, “ದಿನ್ನಿ ಮ್ಯಾಲ ನೋಡಿದ್ವಿರಿ, ನಿಂತಿದ್ಲು,” ಎಂದ. “ನೋಡಿದ್ರ ಮತ್ತ ಹಿಡಕೊಂಡು ಬರಬೇಕಿಲ್ಲೋ?” “ಹಿಂದ ಬರೋರು ಹಿಡೀತಾರ ಅಂದಿದ್ವಿರಿ.” ಹಿಂದೆ ಬಂದ ಸೋದರಮಾವ ಊದುವವರ ಕಡೆ ಕೈ ಮಾಡಿದ. ಅವರು ಚೌಡಪ್ಪನ ಕಡೆ ನೋಡಿದರು. ಚೌಡಪ್ಪ ಹಿತ್ತಲಲ್ಲಿ ಗಡಿಗೆ ಇಳಿಸುತ್ತಿದ್ದ. ಎಲ್ಲರೂ ಅವನ ಸುತ್ತ ಬಂದು ನಿಂತರು. ದೇಸಾಯರು, “ನಿನ್ನ ಹಿಂದ ಯಾರಿದ್ರೋ?” ಎಂದು ಕೇಳಿದರು. ಅವನು ಕೈಯಲ್ಲಿದ್ದ ಗಡಿಗೆಯನ್ನು ಕೆಳಗಿಟ್ಟ. ಆಮೇಲೆ ಹೇಳಿದ. “ನನ್ನ ಹಿಂದ ಯಾರೂ ಇದ್ದಿಲ್ರಿ.”

ಮದುವೆಯ ಮಂದಿ ಎಲ್ಲ ದಿನ್ನಿಗೆ ಓಡಿದರು. ಮಾಳಕ್ಕ ಬಂಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ಗಡಿಗೆ ಐದೂ ತಲೆಯ ಮೇಲಿದ್ದವು. ಕಣ್ಣು ತೆರೆದಿದ್ದವು, ತುಟಿ ಒಡೆದಿತ್ತು. ಗಾಡಿಯಲ್ಲಿ ನಕ್ಕಿದ್ದ ಹೆಂಗಸರೇ ನಾಲ್ಕು ಜನ ಕೂಡಿ ಒಂದೊಂದೇ ಗಡಿಗೆ ಇಳಿಸಿಕೊಂಡರು. ಒಂದಕ್ಕೂ ಬಿರುಕಿರಲಿಲ್ಲ. ತಲೆ ಹಗುರಾದ ಮೇಲೆ ಮಾಳಕ್ಕ ಹಾದಿಯ ಕಡೆ ನೋಡಿ, “ಹಿಂದ ಇನ್ನ ಯಾರರ ಬರೋರದಾರೇನು?” ಎಂದು ಕೇಳಿದಳು. ಸಿಟ್ಟಿನಿಂದಲ್ಲ. ನಿಜವಾಗಿಯೂ ತಿಳಿಯಬೇಕಾಗಿತ್ತು. ಒಬ್ಬ ಮುದುಕಿ, “ಇಲ್ಲವ್ವಾ, ಎಲ್ಲಾರೂ ಬಂದೀವಿ,” ಎಂದಳು. ಹಾಗಾದರೆ ಕೂಡಬಹುದು ಎನ್ನುವಂತೆ ಮಾಳಕ್ಕ ಕುಳಿತಳು. ಮತ್ತೆ ಏಳಲಿಲ್ಲ. ಅಂದಿನಿಂದ ಇದಕ್ಕೆ ಹಿಂದ ಬರೋರ ದಿನ್ನಿ ಎಂದು ಹೆಸರಾಯಿತು ಎನ್ನುತ್ತಾರೆ. ಆ ಮದುವೆ ನಡೆಯಿತೋ ಇಲ್ಲವೋ, ಯಾರೂ ಹೇಳುವುದಿಲ್ಲ. ನಾನು ಒಮ್ಮೆ ಕೇಳಿದ್ದೆ. “ಅದ್ಯಾಕ ಬೇಕು ನಿಮಗ?” ಎಂದಿದ್ದಳು ಸಂಕವ್ವ.

ಚೌಡಪ್ಪ ಆ ವರ್ಷ ಗಡಿಗೆ ಮಾಡುವ ತಿಗರಿ ತಿರುಗಿಸಲಿಲ್ಲ. ಮಳೆ ಬೀಳುವ ಮೊದಲೇ ಕಲ್ಲುಕುಟಿಗರ ಕಾಲು ಹಿಡಿದು ಈ ದಿನ್ನಿಯಲ್ಲಿ ಎರಡು ಕಂಬ ನಿಲ್ಲಿಸಿ ಮೇಲೆ ಹಾಸುಗಲ್ಲು ಇಡಿಸಿದ. ಹೊರೆ ಹೊತ್ತು ಬಂದವರು ಯಾರ ಕೈಯನ್ನೂ ಬೇಡದೆ ತಲೆಯಿಂದ ನೇರ ಕಲ್ಲಿನ ಮೇಲೆ ಸರಿಸಬೇಕು, ದಣಿವಾರಿಸಿಕೊಂಡು ಮತ್ತೆ ಕಲ್ಲಿನಿಂದ ತಲೆಗೆ ಸರಿಸಿಕೊಳ್ಳಬೇಕು. ಕಲ್ಲು ಮುಗಿದ ದಿನ ಓಣಿಯ ಹೆಂಗಸರು ಹೊರೆ ಹೊತ್ತು ಬಂದರು. ಒಬ್ಬಳಿಗೂ ಎಟುಕಲಿಲ್ಲ. ಅಂದು ‘ಎಲ್ಲಾರೂ ಬಂದೀವಿ’ ಎಂದಿದ್ದ ಮುದುಕಿ ಕೇಳಿದಳು. “ಚೌಡಪ್ಪ, ಇದು ನಿನ್ನ ಎತ್ತರಕ್ಕ ಐತಿ. ಮಾಳಿ ಎಷ್ಟೆತ್ತರ ಇದ್ಲೋ?” ಅವನು ಕೈ ಎತ್ತಿದ. ಎದೆಯ ಹತ್ತಿರ ತಂದ, ಗದ್ದದ ಹತ್ತಿರ ತಂದ, ಮತ್ತೆ ಇಳಿಸಿದ. ಅವನಿಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷ ಸಂಸಾರ ಮಾಡಿದ್ದ. ಸಂತೆಗೆ, ಜಾತ್ರೆಗೆ, ಮಣ್ಣಿಗೆ, ಎಲ್ಲಿಗೆ ಹೋದರೂ ಅವನು ಮುಂದೆ, ಅವಳು ಹಿಂದೆ. ಮಗ್ಗುಲಲ್ಲಿ ನಿಲ್ಲಿಸಿಕೊಂಡು ನೋಡಿರಲಿಲ್ಲ.

ಅಲ್ಲಿಯೇ ಕೂತು ಅತ್ತ ಎನ್ನುತ್ತಾರೆ. ಅತ್ತು ತಲೆ ಎತ್ತಿದಾಗ ಬಂಡೆಯ ಮೇಲೆ ಕೆಂಪಗೆ ಒಂದು ಗೆರೆ ಕಂಡಿತು. ಅವಳು ಒರಗಿ ನಿಂತಿದ್ದಾಗ ಕೆಳಗಿನ ಗಡಿಗೆಯ ಕೆಮ್ಮಣ್ಣು ಬಂಡೆಗೆ ತಿಕ್ಕಿತ್ತು. ಗಡಿಗೆಯ ಬುಡ ಎಲ್ಲಿತ್ತೋ ಅವಳ ತಲೆ ಅಲ್ಲಿತ್ತು. ನಡುಗಿದ್ದಳು. ಅದಕ್ಕೇ ಗೆರೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಚೌಡಪ್ಪ ದಾರ ಹಿಡಿದು ನೆಲದಿಂದ ಆ ಗೆರೆಯ ತನಕ ಅಳೆದ. ಆ ದಾರದ ಅಳತೆಗೆ ಎರಡನೆಯ ಕಲ್ಲು ನಿಲ್ಲಿಸಿದ. ಮೊದಲಿನದನ್ನು ಕೆಡವಿರಿ ಎಂದು ಕುಟಿಗರಿಗೆ ಹೇಳಲಿಲ್ಲ. ಇರಲಿ, ನೋಡಿದವರು ನೋಡಲಿ ಎಂದನಂತೆ.

ಆಗ ಒಂದು ಕಟ್ಟಳೆ ಆಯಿತು. ದಿನ್ನಿ ಏರುವವರು ಯಾರೇ ಇರಲಿ, ಕಲ್ಲಿನ ಹತ್ತಿರ ನಿಲ್ಲಬೇಕು. ಹಿಂದೆ ಇರುವವರು ಬಂದು ಮುಟ್ಟಿದ ಮೇಲೆಯೇ ಮುಂದೆ ಹೆಜ್ಜೆ. ಗಾಡಿ ನಿಂತವು, ಕುದುರೆ ನಿಂತವು. ಸೈಕಲ್ ನಿಲ್ಲುವುದಿಲ್ಲ. ಮುಂದಿನವನು ಮಣಿಕಟ್ಟಿನ ಗಡಿಯಾರ ನೋಡುತ್ತ ಹಲ್ಲು ಕಚ್ಚಿ ತುಳಿಯುತ್ತಾನೆ. ಅವನ ಜೊತೆಯವರು ಎಲ್ಲೋ ಕೆಳಗೆ ಸೈಕಲ್ ನೂಕಿಕೊಂಡು ಬರುತ್ತಿರುತ್ತಾರೆ. ಹೋದ ಐತವಾರ ಒಬ್ಬ ಹೆಣ್ಣುಮಗಳು ಗಾಲಿಯ ಗಾಳಿ ಹೋಗಿ ಬಂಡೆಯ ಹತ್ತಿರ ನಿಂತಿದ್ದಳು. “ನಮ್ಮವರು ಭಾಳ ಮುಂದ ಹೋದ್ರೇನ್ರಿ, ಅಜ್ಜಾರ?” ಎಂದು ಕೇಳಿದಳು. ನೀರು ಕೊಟ್ಟೆ. ಅವರ ತಂಡದ ಹಿರಿಯರಿಗೆ ಹೇಳಿದರೆ, “ಹಿಂದ ನಮ್ಮ ವ್ಯಾನ್ ಬರ್ತೈತ್ರಿ,” ಎಂದರು. ಇವರಿಗೆ ಎಷ್ಟು ಹೇಳುವುದು? ನಾನೇನು ದೊಡ್ಡವನಲ್ಲ. ನಾನೂ ಸೈಕಲ್ಲಿಗೆ ಬಲೆ ಕಟ್ಟಿ ಗಡಿಗೆ ಹೇರಿಕೊಂಡು ಮೂವತ್ತು ವರ್ಷ ಸಿಂಗನಕೋಟಿಯ ಸಂತೆಗೆ ಹೋದೆ. ಸಂಕವ್ವ ಹೊರೆ ಹೊತ್ತು ಹಿಂದೆ ಬರುತ್ತಿದ್ದಳು. ಕಲ್ಲಿನ ಹತ್ತಿರ ನಿಂತದ್ದೂ ಇದೆ. ಸಂತೆಗೆ ತಡವಾಯಿತೆಂದು ನಿಲ್ಲದೆ ಹೋದದ್ದೂ ಇದೆ.

ಈಗ ಬಂದವರಿಗೆ ಕಾಣುವುದು ಇಷ್ಟು. ಬಂಡೆಯ ಮೇಲೆ ಕೆಂಪು ಗೆರೆ. ಮಳೆಗೆ ಮಾಸುತ್ತದೆ, ಮದುವೆಯ ಕಾಲಕ್ಕೆ ಕುಂಬಾರ ಓಣಿಯವರು ಬಂದು ಮತ್ತೆ ಕೆಮ್ಮಣ್ಣು ತೀಡುತ್ತಾರೆ. ಎತ್ತರದ ಕಲ್ಲು. ಅದರ ಮೇಲೆ ಉಳಿಯ ಕಚ್ಚು ಇನ್ನೂ ಹೊಸದರಂತೆ ಇದೆ, ಯಾರೂ ಹೊರೆ ಇಟ್ಟಿಲ್ಲ. ಆಮೇಲೆ ಗಿಡ್ಡ ಕಲ್ಲು. ಅದರ ಮೇಲ್ಮೈ ನುಣುಪಾಗಿದೆ, ನಡುವೆ ತುಸು ತಗ್ಗಾಗಿದೆ. ಎಷ್ಟೋ ತಲೆಮಾರಿನ ಹೆಂಗಸರು ಗಡಿಗೆ, ಕಟ್ಟಿಗೆ, ಹುಲ್ಲು ಇಳಿಸಿ ಸವೆಸಿದ್ದು. ಕೈ ಇಟ್ಟು ನೋಡಿರಿ. ಸಂಕವ್ವ ಸವೆಸಿದ್ದೂ ಅದರಲ್ಲಿದೆ. ಎಷ್ಟು ಎಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ.