ಬಿಸಿನೀರಿನ ಹಿಟ್ಟು

ಹೊಳೆದಂಡೆಯ ಆ ಮಠದಲ್ಲಿ ಪಾಠ ನೀಲವ್ವನವರದು, ಅಡುಗೆಮನೆ ಶಿಷ್ಯ ಬಸಲಿಂಗನದು.

ಒಮ್ಮೆ ಊರೂರು ಸುತ್ತುವ ಪ್ರವಾಸಿ ಹೆಂಗಸೊಬ್ಬಳು ಎರಡು ದಿನ ಇದ್ದು, ಉಂಡು, ಹೊರಡುವಾಗ ಬಸಲಿಂಗನಿಗೆ "ಯು ಆರ್ ಸಾಫ್ಟ್" ಎಂದು ಹೇಳಿ ಹೋದಳು.

ಬಸಲಿಂಗ ಡಿಕ್ಷನರಿ ತೆಗೆದ. ಅಂದಿನಿಂದ ಅವನ ಮುಖ ಗಂಟು.

ಮರುದಿನ ಪಂಕ್ತಿಯಲ್ಲಿ ದಾರಿಹೋಕ ಮುದುಕನೊಬ್ಬ, "ಮೆತ್ತಗಿನ ರೊಟ್ಟಿ ಐತೇನಪಾ?" ಎಂದು ಕೇಳಿದ.

"ಇದೇನು ನಿಮ್ಮ ಮಗಳ ಮನೀನ? ಹಾಕಿದ್ದು ತಿನ್ರಿ" ಎಂದ ಬಸಲಿಂಗ.

ಮುದುಕ ಖಡಕ್ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು, ಕೋಲು ಹಿಡಿದು, ದೋಣಿಕಟ್ಟೆಯ ಕಡೆ ನಡೆದ.

ನೀಲವ್ವ ನೋಡಿದರು. ಪಂಕ್ತಿ ಎದ್ದ ಕೂಡಲೇ ಅಡುಗೆಮನೆಗೆ ಬಂದರು.

"ಆ ಹೆಣ್ಣುಮಗಳು ನಿನಗ ಬೈದಳೇನೋ ತಮ್ಮಾ?"

"ಗೊತ್ತಾಗವಲ್ದು ಅವ್ವಾರ. ಡಿಕ್ಷನರಿಯಾಗ ದಿಂಬಿಗೂ ಅದೇ ಮಾತು, ದನಿಗೂ ಅದೇ ಮಾತು. ಕೆಳಗ ನೋಡಿದ್ರ ದುರ್ಬಲ ಅಂತೈತಿ. ಅದರ ಕೆಳಗ ದಡ್ಡ."

"ಅಷ್ಟು ಕೆಳಗ ಯಾಕ ಇಳಿದಿ?"

"ಮೇಲಿನದು ನನಗಲ್ಲ ಅನ್ನಿಸ್ತು." ಬಸಲಿಂಗ ಕೈಯಲ್ಲಿದ್ದ ಸೌಟನ್ನು ಕುಕ್ಕಿದ. "ಇನ್ನ ಗಟ್ಟಿ ಆಗ್ತೀನಿ. ಮೆತ್ತಗಿದ್ದವರನ್ನ ಎಲ್ಲಾರೂ ಬಡೀತಾರ."

"ಆಗು. ಅದಕ್ಕೂ ಮೊದಲು ಒಂದು ರೊಟ್ಟಿ ಬಡಿ. ಎಸರು ಬ್ಯಾಡ, ತಣ್ಣೀರು ಸಾಕು."

ಜೋಳದ ಹಿಟ್ಟಿಗೆ ತಣ್ಣೀರು! ಬಸಲಿಂಗ ಅವರ ಮುಖ ನೋಡಿದ. ಗುರುವಿನ ಮಾತು, ಕಲಸಿದ. ಮೊದಲ ಏಟಿಗೇ ಅಂಚು ಬಿರಿಯಿತು. ಮುಂದಿನದಕ್ಕೆ ನಡುವೆಯೇ ಸೀಳಿತು.

ನೀಲವ್ವ ಅದನ್ನು ಬದಿಗೆ ಸರಿಸಿದರು. ಬೇರೆ ಹಿಟ್ಟಿಗೆ ಕುದಿಯುವ ನೀರು ಸುರಿದು ತಾವೇ ನಾದಿದರು. ಬೆರಳು ಕೆಂಪಾದವು.

"ಈಗ ಬಡಿ. ಸಿಟ್ಟು ಇದ್ದಷ್ಟೂ ಬಡಿ."

ಬಸಲಿಂಗ ಬಡಿದ. ರೊಟ್ಟಿ ತಿರುಗಿತು, ಹಿಗ್ಗಿತು, ತೆಳ್ಳಗಾಯಿತು.

"ಎಷ್ಟು ಏಟು ತಿಂತು ನೋಡು. ಹರೀತೇನು?"

"ಇಲ್ರೀ."

"ಇದಕ್ಕ ಆಕಿ ಭಾಷಾದಾಗ ಏನಂತಾರ?"

ಬಸಲಿಂಗ ರೊಟ್ಟಿಯನ್ನು ಹೆಂಚಿಗೆ ಹಾಕಿ, ನೀರು ಸವರಿ, ಮಗುಚಿದ. ಅದು ಉಬ್ಬಿತು.

"ಸಾಫ್ಟ್" ಎಂದ, ಮೆಲ್ಲಗೆ.

ನೀಲವ್ವ ಸೆರಗಿನಿಂದ ಅವನ ಮೂಗಿನ ಮೇಲಿನ ಹಿಟ್ಟು ಒರೆಸಿದರು. ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಅವನ ಕೈಗಿಟ್ಟರು.

"ದೋಣಿ ಇನ್ನೂ ಬಂದಿಲ್ಲ, ಓಡು. ಅಜ್ಜನ ಬಾಯಾಗ ಹಲ್ಲಿಲ್ಲ, ಬಿಸಿ ಇರೋದ್ರಾಗ ಕೊಡು."