ಇಂಜಿನ್ನಿಗೆ ಹಚ್ಚಿದ ವಿಭೂತಿ

ನದಿ ನಡುವಿನ ದಿಬ್ಬದ ಮೇಲೊಂದು ಆಶ್ರಮ. ದಡಕ್ಕೂ ಅದಕ್ಕೂ ಇದ್ದ ನಂಟು ಒಂದೇ, ಸಣ್ಣ ಡೀಸೆಲ್ ಇಂಜಿನ್ನಿನ ದೋಣಿ. ಅದನ್ನು ನೋಡಿಕೊಳ್ಳುತ್ತಿದ್ದವನು ಶಿಷ್ಯ ಸುಬ್ರಾಯ.

ಹೆಂಡತಿಯ ಜೊತೆ ಜಗಳವಾಡಿ, ಹೇಳದೆ ಕೇಳದೆ ಎದ್ದು ಬಂದವನು ಅವನು. ಸಂಸಾರ ಸಾಕು, ಈ ಹುಣ್ಣಿಮೆಗೆ ಸನ್ಯಾಸ ಕೊಡಿ ಎಂದು ಗುರುಗಳ ಬೆನ್ನು ಬಿದ್ದಿದ್ದ.

ಮೊದಲು ಆ ಆಯಿಲ್ ಸೋರುವುದನ್ನು ನಿಲ್ಲಿಸು ಮಾರಾಯ, ಆಮೇಲೆ ನೋಡುವ ಅಂದರು ಗುರುಗಳು.

ಅದೇನು ಸುಲಭದ ಮಾತೇ? ಇಂಜಿನ್ನಿನ ತಳದಲ್ಲಿ ಆಯಿಲ್ ತೊಟ್ಟಿಕ್ಕುತ್ತಿತ್ತು. ಸುಬ್ರಾಯ ತಳದ ಸಂದು ಮುಚ್ಚುವ ಪ್ಯಾಕಿಂಗ್ ಬದಲಿಸಿದ, ನಟ್ಟು ಬಿಗಿದ, ಬೈದ, ಕೈಮುಗಿದ. ಊಹೂಂ, ಅದು ತನ್ನ ಪಾಡಿಗೆ ತೊಟ್ಟಿಕ್ಕುತ್ತಲೇ ಇತ್ತು.

ಸಂಜೆ ಆಚೆ ದಡದಲ್ಲಿ ದೀಪ ಹತ್ತಿದರೆ ಸಾಕು, ಅವನ ಕಣ್ಣು ತುಂಬುತ್ತಿತ್ತು. ಇದು ದೇವರ ಹಂಬಲ ಅಂದುಕೊಂಡು ಮೂಗು ಒರೆಸಿಕೊಳ್ಳುತ್ತಿದ್ದ.

ಒಂದು ಬೆಳಿಗ್ಗೆ ಗುರುಗಳೇ ಪಂಚೆ ಎತ್ತಿ ಕಟ್ಟಿ ದೋಣಿಗಿಳಿದರು. ಇಂಜಿನ್ನನ್ನು ನೆತ್ತಿಯಿಂದ ಬುಡದವರೆಗೆ ಒರೆಸಿ ಒಣಗಿಸಲು ಹೇಳಿದರು. ಆಮೇಲೆ ತಮ್ಮ ಕರಡಿಗೆಯ ವಿಭೂತಿಯನ್ನು ಅದರ ಮೈತುಂಬ ಉದುರಿಸತೊಡಗಿದರು.

"ದೇವರ ವಿಭೂತಿ ಗುರುಗಳೇ, ಇಂಜಿನ್ನಿಗೆ?"

"ಸೋರುವ ಜಾಗ ತೋರಿಸುತ್ತದೆ. ಹಣೆಯ ಮೇಲೂ ಅದಕ್ಕೆ ಇದೇ ಕೆಲಸ. ಶುರುಮಾಡು."

ಹ್ಯಾಂಡಲ್ ತಿರುಗಿಸಿದ. ಇಂಜಿನ್ ಗುಡುಗುಟ್ಟಿತು. ತಳ ಒಣಗಿಯೇ ಇತ್ತು. ಸ್ವಲ್ಪ ಹೊತ್ತಿಗೆ ಮೇಲಿನ ಮುಚ್ಚಳದ ಮೂಲೆಯಲ್ಲಿ ಬೂದಿ ಕಪ್ಪಾಯಿತು. ಅಲ್ಲಿಂದ ಒಂದು ಒದ್ದೆ ಗೆರೆ ಹಿಂಬದಿಯಲ್ಲಿ ಸದ್ದಿಲ್ಲದೆ ಇಳಿದು ಬುಡ ಸೇರಿತು.

ಆ ಮುಚ್ಚಳ ಬಿಗಿದವನು ಸುಬ್ರಾಯನೇ. ಸೋರಬಾರದೆಂಬ ಹೆದರಿಕೆಗೆ ಮೈಭಾರವೆಲ್ಲ ಹಾಕಿ ಪಾನಾ ತಿರುಗಿಸಿದ್ದ. ಬಿಚ್ಚಿ ನೋಡಿದರೆ ಪ್ಯಾಕಿಂಗ್ ನಜ್ಜುಗುಜ್ಜಾಗಿ ಸೀಳಿಹೋಗಿತ್ತು. ಹೊಸದು ಕೂರಿಸಿ ಹದವಾಗಿ ಬಿಗಿದ ಮೇಲೆ ಒಂದು ಹನಿಯೂ ಇಳಿಯಲಿಲ್ಲ.

ಸುಬ್ರಾಯ ಅಲ್ಲೇ ಕಾಲಿಗೆ ಬಿದ್ದು ದೀಕ್ಷೆ ಕೇಳಿದ.

ಗುರುಗಳು ಅವನ ಹಣೆಗೆ ವಿಭೂತಿ ಹಚ್ಚಿ, ಆಚೆ ದಡದ ಕಡೆ ಮುಖ ಮಾಡಿ ಕೂರಿಸಿದರು. ಸಂಜೆ ದೀಪ ನೋಡಿ ಕಣ್ಣು ತುಂಬುವಾಗ ಮೊದಲು ನೆನಪಾಗುವ ಹೆಸರು ಯಾವುದು, ಅದನ್ನು ಹೇಳು ಅಂದರು.

ಶಿವ ಎನ್ನಲು ಬಾಯಿ ತೆರೆದ. ಬಾಯಿಗೆ ಬಂದದ್ದು ಬೇರೆಯೇ ಹೆಸರು.

"ನಾಗವೇಣಿ," ಅಂದ. ಹೆಂಡತಿಯ ಹೆಸರು ಅದು. ಇಲ್ಲಿಗೆ ಬಂದ ಮೇಲೆ ಒಮ್ಮೆಯೂ ಅದನ್ನು ಆಡಿರಲಿಲ್ಲ. ಅವಳನ್ನು ನೋಡಬೇಕೆಂಬ ಆಸೆ ಉಕ್ಕಿ ಬಂದು, ಮುಖ ಮುಚ್ಚಿಕೊಂಡು ಬಿಕ್ಕಿದ.

"ಹಾಗಾದರೆ ನನಗೆ ಸನ್ಯಾಸ ಇಲ್ಲವೇ ಗುರುಗಳೇ?"

ಗುರುಗಳು ದೋಣಿಯ ಹಗ್ಗ ಬಿಚ್ಚಿ ಅವನ ಕೈಗಿಟ್ಟರು.

"ಅವಳನ್ನು ಕೇಳಿಕೊಂಡು ಬಾ. ಬಿಟ್ಟು ಬಂದವನು ನೀನು, ಬಿಡುಗಡೆ ಕೊಡಬೇಕಾದವಳು ಅವಳು."