ಕೊನೆಯ ಮೊಳ

"ಗುರುಗಳೇ, ದೇವರ ಸೇವೆಗೆ ನಿಲ್ಲುವವನು ಮನೆಯ ಕೆಲಸಗಳನ್ನೆಲ್ಲ ಮುಗಿಸಿ ಬಂದರೆ ತಪ್ಪೇನು?" ಎಂದು ಅಡಿವೆಪ್ಪ ಕೇಳಿದ.

ಅಡಿವೆಪ್ಪ ಮಠಕ್ಕೆ ಹೊಸಬನಲ್ಲ. ಒಂಬತ್ತು ವರ್ಷಗಳಿಂದ ಒಂದು ಸೋಮವಾರವನ್ನೂ ತಪ್ಪಿಸಿದವನಲ್ಲ. ಇನ್ನು ಇಲ್ಲೇ ಇದ್ದುಬಿಡುತ್ತೇನೆ ಎಂದು ಎರಡು ಸಲ ಬಟ್ಟೆಯ ಗಂಟು ಕಟ್ಟಿಕೊಂಡು ಬಂದಿದ್ದ. ಎರಡು ಸಲವೂ ಏನೋ ನೆನಪಾಗಿ ಹಿಂದಿರುಗಿದ್ದ. ಮೊದಲ ಸಲ ತಂಗಿಯ ಬಾಣಂತನ, ಎರಡನೆಯ ಸಲ ಸೋರುತ್ತಿದ್ದ ಮನೆಯ ಮಾಳಿಗೆ. ಈ ಸಲ ತಮ್ಮನ ಮದುವೆಯೊಂದು ಆಗಿಬಿಡಲಿ, ಆಮೇಲೆ ಇನ್ನೇನೂ ಇಲ್ಲ ಎಂದು ಹೇಳಿ ಹೋಗಲು ಬಂದಿದ್ದ.

ಗುರುಗಳು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ತಪ್ಪು ಎನ್ನಲಿಲ್ಲ, ಸರಿ ಎಂದೂ ಅನ್ನಲಿಲ್ಲ. ಒಂದು ಕಲ್ಲನ್ನು ತೆಗೆದು ಪಕ್ಕಕ್ಕಿಟ್ಟು ಕತೆ ಹೇಳತೊಡಗಿದರು.

ಒಂದೂರಿನಲ್ಲಿ ನೇಕಾರರ ಓಣಿ ಇತ್ತು. ಮನೆಗೊಂದು ಮಗ್ಗ. ಓಣಿಯ ಕೊನೆಯಲ್ಲಿ ಅಮ್ಮನ ಗುಡಿ, ಗುಡಿಗೆ ಅಂಟಿಕೊಂಡು ಒಂದು ಕೋಣೆ, ಆ ಕೋಣೆಯಲ್ಲೂ ಒಂದು ಮಗ್ಗ. ಅದನ್ನು ದೇವರ ಮಗ್ಗ ಎನ್ನುತ್ತಿದ್ದರು. ಅದರಲ್ಲಿ ನೇಯ್ದದ್ದು ಸಂತೆಗೆ ಹೋಗುತ್ತಿರಲಿಲ್ಲ. ವರ್ಷಕ್ಕೊಮ್ಮೆ ಅಮ್ಮನಿಗೆ ಒಂದು ಸೀರೆ. ಉಳಿದ ದಿನಗಳಲ್ಲಿ ನೇಯ್ದದ್ದೆಲ್ಲ ಓಣಿಯಲ್ಲಿ ಹುಟ್ಟಿದವರಿಗೆ ಮತ್ತು ಸತ್ತವರಿಗೆ.

ನೇಕಾರರಿಗೆ ಬಟ್ಟೆಗೆ ಬರವೇ ಎಂದು ನೀನು ಕೇಳಬಹುದು. ಬರವೇ. ಮಗ್ಗದ ಮೇಲಿರುವ ನೂಲು ವ್ಯಾಪಾರಿಯದು, ನೇಯ್ದ ಸೀರೆಯೂ ವ್ಯಾಪಾರಿಯದು. ಹಗಲೆಲ್ಲ ಬಟ್ಟೆಯ ಮುಂದೆ ಕೂತವನ ಮನೆಯಲ್ಲಿ ಸಾವಾದರೆ ಹೊದಿಸಲು ಒಂದು ತುಂಡು ಹೊಸ ಬಟ್ಟೆ ಇರುತ್ತಿರಲಿಲ್ಲ. ಆಗ ದೇವರ ಮಗ್ಗದವನು ತಾನಾಗಿ ಎದ್ದು ಬರುತ್ತಿದ್ದ. ಹೆಗಲ ಮೇಲಿನ ಬಟ್ಟೆಯ ಮಡಿಕೆ ಬಿಚ್ಚಿ ಹೊದಿಸಿ, ಕೈಮುಗಿದು, ಮಾತಿಲ್ಲದೆ ಹೋಗುತ್ತಿದ್ದ. ಆ ಮಗ್ಗಕ್ಕೆ ನೂಲು ಗುಡಿಯ ಕಾಣಿಕೆಯಿಂದ, ಅವನಿಗೆ ಊಟ ಓಣಿಯ ಮನೆಗಳಿಂದ ಸರದಿಯಂತೆ ಬರುತ್ತಿತ್ತು.

ಆ ಮಗ್ಗಕ್ಕೆ ಒಂದೇ ಕಟ್ಟಳೆ. ಅಲ್ಲಿ ಕೂರಲು ಬರುವವನು ತನ್ನ ಮನೆಯ ಮಗ್ಗವನ್ನು ಬರಿದು ಮಾಡಿ ಬರಬೇಕು. ಒಬ್ಬನಿಗೆ ಎರಡು ಮಗ್ಗ ಇರುವಂತಿಲ್ಲ.

ಗುಡಿಯಿಂದ ಹದಿನೇಳು ಮನೆ ಈಚೆಗೆ ಒಬ್ಬ ನೇಕಾರನಿದ್ದ. ಅವನಿಗೆ ಇಪ್ಪತ್ತನಾಲ್ಕು ವರ್ಷವಾದಾಗ ತಾಯಿ ತೀರಿಕೊಂಡಳು. ಅಂದು ಅವನ ಮಗ್ಗದ ಮೇಲೆ ಮದುವೆ ಹೆಣ್ಣಿನ ಕೆಂಪು ಸೀರೆ ಅರ್ಧವಾಗಿತ್ತು. ಅದನ್ನು ಮುಟ್ಟುವಂತಿರಲಿಲ್ಲ. ಅವನು ತಾಯಿಯ ತಲೆಯ ಬಳಿ ಬರಿಗೈಯಲ್ಲಿ ಕೂತಿದ್ದ. ಓಣಿಯವರೆಲ್ಲ ಮುತ್ಯಾ ಎಂದು ಕರೆಯುತ್ತಿದ್ದ ದೇವರ ಮಗ್ಗದ ಅಜ್ಜ ಬಂದು ಬಿಳಿಯ ಬಟ್ಟೆ ಹೊದಿಸಿದ. ಅಂಚನ್ನು ಕಾಲಿನವರೆಗೂ ಎಳೆದು ಸರಿಪಡಿಸಿದ, ಮಲಗಿದ ಮಗುವಿಗೆ ಸರಿಪಡಿಸುವಂತೆ. ನೇಕಾರನಿಗೆ ಅಳು ಬಂದದ್ದು ಆಗಲೇ.

ಮಣ್ಣು ಮಾಡಿ ಬಂದ ಮೇಲೆ ಮನೆಯಲ್ಲಿ ತಂಗಿಯೊಬ್ಬಳನ್ನು ಬಿಟ್ಟರೆ ಯಾರೂ ಇರಲಿಲ್ಲ. ಅವನು ಸಂಜೆಗಳಲ್ಲಿ ದೇವರ ಮಗ್ಗದ ಕೋಣೆಗೆ ಹೋಗಿ ಮುತ್ಯಾನಿಗೆ ಕಂಡಿಕೆಗೆ ನೂಲು ಸುತ್ತಿಕೊಡತೊಡಗಿದ. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಇಡೀ ದಿನದಲ್ಲಿ ತಾನು ಬದುಕಿದ್ದು ಆ ಒಂದು ಗಳಿಗೆ ಮಾತ್ರ ಎಂದು ಅವನಿಗೆ ಅನ್ನಿಸುತ್ತಿತ್ತು. ಒಂದು ವರ್ಷ ಹೀಗೆ ನಡೆಯಿತು. ಒಂದು ಸಂಜೆ ಮುತ್ಯಾ ತನ್ನ ಹಳೆಯ ಲಾಳಿಯನ್ನು ಅವನ ಕೈಗೆ ಕೊಟ್ಟ. ಮಗ್ಗದಲ್ಲಿ ಅಡ್ಡ ನೂಲು ಓಡಿಸುವ, ಹಿಡಿದು ಹಿಡಿದು ನುಣುಪಾದ ಮರದ ಲಾಳಿ.

"ನನ್ನ ಹಿಂದ ಈ ಮಗ್ಗ ನಿಂದು. ಯಾವಾಗ ಬರತಿ?" ಎಂದ.

"ಈಗಿರೋ ಹಾಸು ಮುಗೀಲಿ ಮುತ್ಯಾ. ಮುಗಿದ ಮರುದಿನ ಬರತೀನಿ" ಎಂದ ನೇಕಾರ.

ಅದು ಸುಳ್ಳಲ್ಲ. ಅವನು ಸಂತೋಷದಿಂದ ಮನೆಗೆ ಬಂದು ಲಾಳಿಯನ್ನು ಗೋಡೆಯ ಗೂಡಿನಲ್ಲಿ, ನೂಲು ಕತ್ತರಿಸುವ ಕತ್ತರಿಯ ಪಕ್ಕ ಇಟ್ಟ. ಆ ರಾತ್ರಿ ಒಳ್ಳೆಯ ನಿದ್ದೆ ಬಂತು.

ಈಗ ನಿನಗೆ ಹಾಸು ಎಂದರೆ ಏನೆಂದು ಹೇಳಬೇಕು, ಅಡಿವೆಪ್ಪ. ಮಗ್ಗದ ಮೇಲೆ ಉದ್ದಕ್ಕೆ ಎಳೆದು ಕಟ್ಟಿದ ನೂಲು ಹಾಸು. ಎರಡು ಸಾವಿರ ಎಳೆ. ಒಂದೊಂದು ಎಳೆಯೂ ಬಾಚಣಿಗೆಯಂಥ ಹಣಿಗೆಯ ಒಂದೊಂದು ಹಲ್ಲಿನ ಸಂದಿಯಲ್ಲಿ ತೂರಿ ಬಂದಿರಬೇಕು. ಬರಿದಾದ ಮಗ್ಗಕ್ಕೆ ಹೊಸದಾಗಿ ಎಳೆ ತೂರಿಸುವುದೆಂದರೆ ಕಣ್ಣು ಸೋಲುವ ಕೆಲಸ, ದಿನಗಟ್ಟಲೆ ಹಿಡಿಯುತ್ತದೆ. ಅದಕ್ಕೇ ಯಾವ ನೇಕಾರನೂ ಮಗ್ಗವನ್ನು ಬರಿದು ಮಾಡುವುದಿಲ್ಲ. ಹಾಸು ಮುಗಿಯುತ್ತ ಬಂದಾಗ ಹಿಂದೆ ಒಂದು ಮೊಳದಷ್ಟು ನೂಲು ಉಳಿಯುತ್ತದೆ. ಅದು ಹಣಿಗೆಗೂ ಹಿಂದಿನ ಮರಕ್ಕೂ ನಡುವೆ ಸಿಕ್ಕಿಕೊಂಡ ನೂಲು. ಅಲ್ಲಿ ಲಾಳಿ ಓಡುವುದಿಲ್ಲ, ಏನು ಮಾಡಿದರೂ ಅದು ಬಟ್ಟೆಯಾಗುವುದಿಲ್ಲ. ಆ ಮೊಳದ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುತ್ತಾರೆ. ಕೆಚ್ಚುವುದು ಎನ್ನುತ್ತಾರೆ ಅದಕ್ಕೆ. ಕೆಚ್ಚಿ ಎಳೆದರೆ ಹಳೆಯದರ ಹಿಂದೆಯೇ ಹೊಸದು ಬರುತ್ತದೆ. ಅಜ್ಜನ ಕಾಲದಲ್ಲಿ ಬರಿದಾಗಿದ್ದ ಮಗ್ಗ ಮೊಮ್ಮಗನ ಕಾಲಕ್ಕೂ ಇನ್ನೊಮ್ಮೆ ಬರಿದಾಗುವುದಿಲ್ಲ.

ಅವನ ಹಾಸು ಮುಗಿಯಿತು. ಅಷ್ಟರಲ್ಲಿ ತಂಗಿಗೆ ಗಂಡು ಗೊತ್ತಾಗಿತ್ತು. ಮದುವೆ ಆಗಲಿ ಎಂದು ಹೊಸ ಹಾಸನ್ನು ಕೆಚ್ಚಿದ. ತಂಗಿ ಗಂಡನ ಮನೆಗೆ ಹೋದಳು. ಮಳೆಗೆ ಹಿಂದಿನ ಗೋಡೆ ಕುಸಿಯಿತು. ಗೋಡೆ ಏಳಲಿ ಎಂದು ಕೆಚ್ಚಿದ. ಗೋಡೆ ಎದ್ದಿತು. ಓಣಿಯ ಹಿರಿಯರು ಹೆಣ್ಣು ತೋರಿಸಿದರು, ಒಳ್ಳೆಯ ಹುಡುಗಿ, ಮದುವೆಯಾದ. ಅವನು ನಿನ್ನ ಹಾಗೆಯೇ ಒಳ್ಳೆಯವನು. ಒಳ್ಳೆಯವರಿಗೆ ಕಾರಣಗಳು ಸಾಲುಗಟ್ಟಿ ಬರುತ್ತವೆ, ಒಂದೂ ಕೆಟ್ಟದ್ದಿರುವುದಿಲ್ಲ.

ಹೆಂಡತಿ ಎಂಟು ವರ್ಷ ಇದ್ದಳು. ಮಕ್ಕಳಾಗಲಿಲ್ಲ. ಒಂದು ಜ್ವರದಲ್ಲಿ ಹೋಗಿಬಿಟ್ಟಳು. ಅಂದೂ ಮುತ್ಯಾ ಹೆಗಲ ಮೇಲೆ ಬಿಳಿಯ ಮಡಿಕೆ ಹಾಕಿಕೊಂಡು ಬಂದ. ಹೊದಿಸಿ ಏಳುವಾಗ ಗೂಡಿನಲ್ಲಿದ್ದ ಲಾಳಿಯ ಕಡೆ ಒಮ್ಮೆ ನೋಡಿದ. ಕೈಮುಗಿದು ಹೋದ. ಬೈದಿದ್ದರೆ ನೇಕಾರನಿಗೆ ಅಷ್ಟು ನೋಯುತ್ತಿರಲಿಲ್ಲ.

ಹನ್ನೊಂದನೆಯ ದಿನ ಕಳೆದು ಬಂದವರೆಲ್ಲ ಹೋದರು. ನೇಕಾರ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ. ಕಾಯುವವರಿಲ್ಲ, ಕಟ್ಟಬೇಕಾದ ಗೋಡೆಯಿಲ್ಲ, ಮದುವೆ ಮಾಡಬೇಕಾದವರಿಲ್ಲ. ಹಾಸು ಸಾವಿಗೆ ಮೊದಲೇ ಮುಗಿದಿತ್ತು. ಎದ್ದು ಹದಿನೇಳು ಮನೆ ದಾಟಿದ್ದರೆ ಆಗಿತ್ತು. ಅವನು ಹೊಸ ಹಾಸನ್ನು ಎಳೆದುಕೊಂಡು ಕೆಚ್ಚಿದ. ಈ ಸಲ ಕಾರಣ ಇರಲಿಲ್ಲ. ಕೈಗೆ ರೂಢಿ ಇತ್ತು.

ಅಲ್ಲಿಂದ ಮುಂದಿನ ವರ್ಷಗಳನ್ನು ಹೇಳಲು ಹೆಚ್ಚೇನಿಲ್ಲ. ಒಬ್ಬನೇ ಎದ್ದ, ಒಬ್ಬನೇ ಗಂಜಿ ಕಾಯಿಸಿದ, ಒಬ್ಬನೇ ನೇಯ್ದ. ಹಬ್ಬದ ದಿನ ನೆರೆಮನೆಯವರು ಹೋಳಿಗೆ ಕೊಟ್ಟರೆ ಅರ್ಧ ತಿಂದು, ಇನ್ನರ್ಧ ಯಾರಿಗಿಡಬೇಕೆಂದು ತಿಳಿಯದೆ ಅದನ್ನೂ ತಾನೇ ತಿಂದ. ಮುಂಜಾನೆ ಓಣಿಯ ಮಗ್ಗಗಳೆಲ್ಲ ಸದ್ದು ಮಾಡುವ ಮೊದಲು ಕೊನೆಯ ಕೋಣೆಯಿಂದ ಒಂದು ಮಗ್ಗದ ಸದ್ದು ಬರುತ್ತಿತ್ತು. ಅದನ್ನು ಕೇಳಿದಾಗ ಅವನಿಗೆ ಯಾರೋ ಹೆಸರು ಹಿಡಿದು ಕರೆದಂತಾಗುತ್ತಿತ್ತು. ಈ ಹಾಸು ಮುಗಿಯಲಿ ಎಂದುಕೊಳ್ಳುತ್ತಿದ್ದ. ದಿನವೂ ಅಂದುಕೊಳ್ಳುತ್ತಿದ್ದುದರಿಂದ ತಾನು ಹೋಗುವವನೇ ಎಂಬ ನಂಬಿಕೆ ಅವನಲ್ಲಿ ಗಟ್ಟಿಯಾಗಿಯೇ ಇತ್ತು.

ಒಂದು ಮುಂಜಾನೆ ಆ ಸದ್ದು ಬರಲಿಲ್ಲ. ಮರುದಿನವೂ ಬರಲಿಲ್ಲ. ಮೂರನೆಯ ದಿನ ನೇಕಾರ ಹೋಗಿ ನೋಡಿದ. ಮುತ್ಯಾ ಗೋಡೆಗೊರಗಿ ಕೂತಿದ್ದ. ಕೈ ಎತ್ತಲು ಆಗುತ್ತಿರಲಿಲ್ಲ. ಮಗ್ಗ ಬರಿದಾಗಿತ್ತು. ಕಳೆದ ತಿಂಗಳು ಓಣಿಯಲ್ಲಿ ಮೂರು ಸಾವು. ಇದ್ದ ಬಟ್ಟೆಯೆಲ್ಲ ಹೋಗಿತ್ತು, ಕೊನೆಯದನ್ನು ಹಿಂದಿನ ಮೊಳದ ಸಮೇತ ಕತ್ತರಿಸಿ ಕೊಟ್ಟಿದ್ದ. ಹೊಸ ಹಾಸು ಕಟ್ಟಲು ಅವನಲ್ಲಿ ಶಕ್ತಿ ಇರಲಿಲ್ಲ.  ಈ ಸಲ ಖಂಡಿತ ಎಂದು ನೇಕಾರ ಅಲ್ಲಿಯೇ ನಿಶ್ಚಯ ಮಾಡಿದ.

"ಎಷ್ಟು ಉಳದೈತಿ?" ಎಂದು ಮುತ್ಯಾ ಕೇಳಿದ.

"ಒಂದ ಮೊಳ ಮುತ್ಯಾ. ಅದೊಂದು ನೇಯ್ದು ಬಂದುಬಿಡತೀನಿ."

ಮುತ್ಯಾ ಅವನ ಕಡೆ ತಲೆ ತಿರುಗಿಸಿದ. ಆಮೇಲೆ, "ಆ ಕೊನೀ ಮೊಳ ನೇಯ್ದಾವರು ಈ ಓಣ್ಯಾಗ ಯಾರದಾರಪ್ಪ?" ಎಂದ. ಮೆಲ್ಲಗೆ ಹೇಳಿದ. ಮಾತಿನಲ್ಲಿ ಸಿಟ್ಟಿರಲಿಲ್ಲ.

ನೇಕಾರ ತಲೆ ತಗ್ಗಿಸಿಕೊಂಡು ಮನೆಗೆ ಬಂದ. ಮಗ್ಗದ ಮುಂದೆ ಕೂತು ಆ ಒಂದು ಮೊಳವನ್ನು ನೋಡಿದ. ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ಅವನು ಆ ಮೊಳವನ್ನು ನೇಯ್ದಿರಲಿಲ್ಲ. ಅದು ನೇಯುವ ಮೊಳವಲ್ಲ, ಮುಂದಿನದನ್ನು ಕೂಡಿಸುವ ಮೊಳ ಎಂಬುದು ಓಣಿಯ ಮಕ್ಕಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಗೊತ್ತಿದ್ದೇ ಆ ಮೊಳ ನೇಯ್ದು ಬರುತ್ತೇನೆಂದು ದೇವರಿಗೆ ಮಾತು ಕೊಟ್ಟಿದ್ದ. ವ್ಯಾಪಾರಿಯ ಆಳು ಇಟ್ಟುಹೋದ ಹೊಸ ಹಾಸಿನ ಸುರುಳಿ ಮಗ್ಗದ ಪಕ್ಕ ಕೈಗೆಟುಕುವಲ್ಲೇ ಇತ್ತು. ಕತ್ತರಿ ಗೂಡಿನಲ್ಲಿತ್ತು. ಅವನು ಏಳಬೇಕೆಂದುಕೊಂಡ. ಏಳಲು ಹೆದರಿಕೆಯಾಯಿತು. ಎದ್ದು ಕತ್ತರಿಸಿದರೆ ಈ ಮಗ್ಗ ಬರಿದಾಗುತ್ತದೆ, ಬರಿದಾದರೆ ಈ ಮನೆಯಲ್ಲಿ ತನ್ನದೆನ್ನುವ ಸದ್ದೇ ಇರುವುದಿಲ್ಲ. ಹೀಗೆ ಯೋಚಿಸುತ್ತ ಕೂತವನು ಬೆರಳುಗಳನ್ನು ನೋಡಿಕೊಂಡ. ಅವು ಆಗಲೇ ನೂರು ಎಳೆ ಕೆಚ್ಚಿದ್ದವು. ಸಂಜೆಯ ಹೊತ್ತಿಗೆ ಎರಡು ಸಾವಿರವೂ ಮುಗಿದವು.

ಒಂದು ವಾರದಲ್ಲಿ ಮುತ್ಯಾ ತೀರಿಕೊಂಡ.

ಓಣಿಯವರೆಲ್ಲ ಸೇರಿದರು. ಹೊದಿಸಲು ಬಟ್ಟೆ ಇರಲಿಲ್ಲ. ತಂದು ಹೊದಿಸಬೇಕಾದವನೇ ಮಲಗಿದ್ದ. ಎಲ್ಲರ ಮಗ್ಗದ ಮೇಲೂ ಬಟ್ಟೆ ಇತ್ತು, ಯಾರದೂ ಅವರದಾಗಿರಲಿಲ್ಲ. ಕೊನೆಗೆ ಯಾರೋ ಮನೆಯಿಂದ ಹಳೆಯ ದುಪ್ಪಟಿ ತಂದರು. ಅದರ ನಡುವೆ ಒಂದು ತೇಪೆ ಇತ್ತು. ಓಣಿಯ ಸತ್ತವರನ್ನೆಲ್ಲ ಹೊಸ ಬಟ್ಟೆಯಲ್ಲಿ ಕಳಿಸಿದವನು ತೇಪೆಯ ದುಪ್ಪಟಿಯಲ್ಲಿ ಹೋದ. ದುಪ್ಪಟಿ ಗಿಡ್ಡವಾಗಿ ಪಾದಗಳು ಹೊರಗೆ ಉಳಿದಿದ್ದವು. ನೇಕಾರ ಅಂಚನ್ನು ಎಳೆದು ಸರಿಪಡಿಸಲು ನೋಡಿದ. ಎಷ್ಟು ಎಳೆದರೂ ಅದು ಪಾದಗಳವರೆಗೆ ಬರಲಿಲ್ಲ.

ಮಣ್ಣು ಮಾಡಿ ಬಂದವನು ನೆಟ್ಟಗೆ ಮನೆಗೆ ಹೋದ. ಮೈ ಕೂಡ ತೊಳೆಯಲಿಲ್ಲ. ಹಾಸು ಆಗಷ್ಟೇ ಶುರುವಾಗಿತ್ತು, ಒಂದು ಗೇಣು ನೇಯ್ದಾಗಿತ್ತು. ಇಡೀ ಹಾಸು ಹಿಂದೆ ಸುತ್ತಿಕೊಂಡು ಬಿದ್ದಿತ್ತು. ಅವನು ಗೂಡಿನಿಂದ ಕತ್ತರಿ ತೆಗೆದು ಎಳೆಗಳನ್ನು ಅಡ್ಡಕ್ಕೆ ಕತ್ತರಿಸಿದ. ಹೊಲಕ್ಕೆ ಬುತ್ತಿ ಕಟ್ಟುವಷ್ಟು ಹೊತ್ತೂ ಹಿಡಿಯಲಿಲ್ಲ. ಉಳಿದ ಸುರುಳಿಯನ್ನು ವ್ಯಾಪಾರಿಯ ಮನೆಯ ಜಗಲಿಯಲ್ಲಿಟ್ಟ. ಲಾಳಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಣಿಯಲ್ಲಿ ನಡೆದ. ಹದಿನೇಳು ಮನೆ ಬೇಗ ಮುಗಿದವು. ಕೋಣೆಯ ಹೊಸ್ತಿಲ ಮೇಲೆ ಕೂತು ಅವನು ಅತ್ತ. ಮುತ್ಯಾ ಹೋದದ್ದಕ್ಕೆ ಅತ್ತ. ಇಷ್ಟು ಹತ್ತಿರ ಇತ್ತಲ್ಲ ಎಂದೂ ಅತ್ತ.

ಬರಿದಾದ ದೇವರ ಮಗ್ಗಕ್ಕೆ ಎರಡು ಸಾವಿರ ಎಳೆ ತೂರಿಸಬೇಕಿತ್ತು. ಇಪ್ಪತ್ತೈದರಲ್ಲಿ ಬಂದಿದ್ದರೆ ಮೂರು ದಿನದ ಕೆಲಸ. ಐವತ್ತೈದರ ಕಣ್ಣಿಗೆ ಎರಡು ತಿಂಗಳು ಬೇಕಾಯಿತು. ಆ ವರ್ಷ ಅಮ್ಮ ಹಳೆಯ ಸೀರೆಯಲ್ಲೇ ಇದ್ದಳು. ನಾಲ್ಕು ವರ್ಷ ಅವನು ಅಲ್ಲಿ ನೇಯ್ದ. ಮುಂಜಾನೆ ಓಣಿಗಿಂತ ಮೊದಲು ಅವನ ಮಗ್ಗ ಸದ್ದು ಮಾಡುತ್ತಿತ್ತು. ದಿನಕ್ಕೊಂದು ಮನೆಯಿಂದ ತಟ್ಟೆ ಬರುತ್ತಿತ್ತು. ತಂದವರು ಅವನು ಉಣ್ಣುವವರೆಗೆ ಕೂತು ಮನೆಯ ಸುದ್ದಿ ಹೇಳಿ ಹೋಗುತ್ತಿದ್ದರು. ಅವನು ಹೊದಿಸಿದ ಸತ್ತವರು ಹನ್ನೆರಡು ಮಂದಿ, ಸುತ್ತಿಕೊಟ್ಟ ಕೂಸುಗಳು ಒಂಬತ್ತು. ಆಮೇಲೆ ಅವನ ಕಣ್ಣು ಪೂರ್ತಿ ಹೋಯಿತು.

ಗುರುಗಳು ಕತೆ ಮುಗಿಸಿದರು. ಮೊರದಲ್ಲಿ ಅಕ್ಕಿ ಮುಗಿಯುತ್ತ ಬಂದಿತ್ತು.

ಅಡಿವೆಪ್ಪನ ಮನಸ್ಸಿಗೆ ತೇಪೆಯ ದುಪ್ಪಟಿ ಅಂಟಿಕೊಂಡಿತ್ತು. ಅದನ್ನು ಬಿಡಿಸಿಕೊಳ್ಳಲು ಅವನಿಗೆ ಏನಾದರೂ ಸಮಾಧಾನ ಬೇಕಾಗಿತ್ತು. ನೇಕಾರ ಕೊನೆಗೂ ಹೋದನಲ್ಲ, ನಾಲ್ಕು ವರ್ಷವಾದರೂ ಸೇವೆ ಸಿಕ್ಕಿತಲ್ಲ ಎಂದ. ಮುತ್ಯಾ ಸಾಯದೆ ಅವನಿಗೆ ಆ ಬಲ ಬರುವಂತಿರಲಿಲ್ಲವೇನೋ, ಪ್ರತಿಯೊಂದಕ್ಕೂ ಅದರದೇ ಕಾಲ ಬರಬೇಕಲ್ಲವೇ ಎಂದೂ ಕೇಳಿದ. ಕೇಳುವಾಗ ಅವನ ಕೈ ಊರಿಗೆ ಹೊರಡಲು ಪಕ್ಕದಲ್ಲಿಟ್ಟುಕೊಂಡಿದ್ದ ಚೀಲದ ಹಿಡಿಯ ಮೇಲಿತ್ತು.

ಗುರುಗಳು ಮೊರವನ್ನು ಕೆಳಗಿಟ್ಟು ಅವನ ಮುಖ ನೋಡಿದರು.

"ಕತ್ತರಿ ಮೂವತ್ತು ವರ್ಷವೂ ಅದೇ ಗೂಡಿನಲ್ಲಿತ್ತು, ಅಡಿವೆಪ್ಪ."

ಅಡಿವೆಪ್ಪ ಚೀಲದ ಹಿಡಿಯ ಮೇಲಿದ್ದ ತನ್ನ ಬೆರಳುಗಳನ್ನು ನೋಡಿಕೊಂಡ.